ಹಿಟ್ಟಿನ ಅಳತೆ

ನೈಟ್ ಡ್ಯೂಟಿ ಮುಗಿಸಿ ಮೂರು ಗಂಟೆ ಮಲಗಿ
ಡಬ್ಬಿಯಲ್ಲಿ ಚಪಾತಿ ಹಿಟ್ಟು ಕಲಸಿಕೊಂಡು
ಸಲ್ಮಾಬಾದಿನ ಶೆಡ್ಡಿಗೆ ಬಂದಿದ್ದೇನೆ.
ಶುಕ್ರವಾರ. ಬೀದಿಯೆಲ್ಲ ಶಟರ್ ಎಳೆದು ಮಲಗಿದೆ.
ಪಕ್ಕದ ವೆಲ್ಡಿಂಗಿನವನ ಏಲಕ್ಕಿ ಚಾದ ಘಮ ಮಾತ್ರ ಎದ್ದಿದೆ.

ನಾಲ್ಕು ವರ್ಷದ ಹಿಂದೆ ಮೂರು ಮರದ ಪೆಟ್ಟಿಗೆಯಲ್ಲಿ ಬಂತು ಕಾರು.
ಕಾರಲ್ಲ, ಮುಂದೆಂದೋ ಕಾರಾಗಬಹುದಾದ ಕೊಳವೆಗಳು,
ಎರಡೇ ಸೀಟಿನಗಲದ ಫೈಬರ್ ತೊಟ್ಟಿ,
ಆರನೇ ಪುಟ ಹರಿದಿದ್ದ ಪುಸ್ತಕ.
ಎಂಜಿನ್ನು, ಹಬ್ಬು, ಸ್ಟಿಯರಿಂಗು ಎಲ್ಲ
ಗುಜರಿಯಲ್ಲಿ ಮಗುಚಿಬಿದ್ದಿದ್ದ ಯಾರದೋ ಸೆಡಾನಿನವು.
ಇವತ್ತಿನವರೆಗೂ ಅದು ಮರದ ದಿಮ್ಮಿಗಳ ಮೇಲೆ,
ಸ್ನಾನಕ್ಕೆಂದು ಎತ್ತಿ ಹಿಡಿದ ಮಗುವಿನಂತೆ
ಕಾಲು ಇಳಿಬಿಟ್ಟುಕೊಂಡೇ ಇದೆ.

ಚಕ್ರ ದುಂಡಗಿದ್ದರೆ ಸಾಕೆಂದುಕೊಂಡಿದ್ದೆ ನಾನು.

ಬೋಲ್ಟು ಐದು.
ನಾಲ್ಕಾದರೆ ಎದುರುಬದುರು ಟೇಪು ಹಿಡಿಯಬಹುದು,
ಆರಾದರೂ ಸರಿ. ಐದರಲ್ಲಿ ಯಾವುದಕ್ಕೂ ನೇರ ಎದುರಿಲ್ಲ.
ಒಂದು ಬಿಟ್ಟು ಒಂದಕ್ಕೆ ಅಳೆಯಬೇಕು, ಆಮೇಲೆ ಲೆಕ್ಕ.
ನೂರೆಂಟು ಪಾಯಿಂಟ್ ಏಳು, ಎಂದೆ.
ಬಾಳೆಹಣ್ಣಿನ ಕಾರ್ಟನ್ನಿನ ಮೇಲೆ ಗೀಚಿ ಭಾಗಿಸಿ
ನೂರಹದಿನಾಲ್ಕು ಪಾಯಿಂಟ್ ಮೂರು, ಎಂದ ಗಿಲ್ಬರ್ಟ್,
ಕೂಸಿಗೆ ಹೆಸರಿಟ್ಟವನ ದನಿಯಲ್ಲಿ.

ಮೀರ್ ಜಮಾನನ ಅಂಗಡಿಯೊಂದು ತೆರೆದಿತ್ತು.
ಮದುವೆ ಮನೆಯ ತೊಳೆದ ತಟ್ಟೆಗಳಂತೆ
ಸೂರಿನ ತನಕ ಪೇರಿಸಿಟ್ಟ ಚಕ್ರಗಳು.
ಗಿಲ್ಬರ್ಟನ ಕಣ್ಣು ಹದಿನೇಳು ಇಂಚಿನ
ಚಿನ್ನದ ಬಣ್ಣದ ಜೋಡಿಗಳ ಮೇಲೆ.
ಖುದಾ ಕಸಮ್ ಫಿಟ್, ಎಂದ ಜಮಾನ್.
ಬೋಲ್ಟಿಗೆ ಫಿಟ್ಟೇ. ಅವನು ಸುಳ್ಳಾಡಲಿಲ್ಲ.

ಆದರೆ ಆಫ್‌ಸೆಟ್ ಅಂತ ಒಂದಿದೆಯಂತೆ.
ನಂಬರು ಏರಿದಷ್ಟೂ ಚಕ್ರ ಒಳಗೆ,
ನಮ್ಮ ಸೂಜಿ ನಂಬರು ಏರಿದಷ್ಟೂ ಸಣ್ಣಗಾಗುವ ಹಾಗೆ.
ತೀರಾ ಒಳಗಾದರೆ ಸಸ್ಪೆನ್ಶನ್ ತೋಳಿಗೆ ಉಜ್ಜುತ್ತದೆ,
ತೀರಾ ಹೊರಗಾದರೆ ಮಡ್‌ಗಾರ್ಡನ್ನು ಕೊಯ್ಯುತ್ತದೆ.
ಇಲ್ಲಿ ನಲವತ್ತೈದು ಎಂದು ಅಚ್ಚೊತ್ತಿತ್ತು.
ಹತ್ತು ದಿನಾರ್ ಅಡವಿಟ್ಟು ಒಂದನ್ನು ಉರುಳಿಸಿಕೊಂಡು ಬಂದೆವು.

ಒಳಗೆ ಎಷ್ಟು ಜಾಗ? ಕಣ್ಣು ಹೋಗುವುದಿಲ್ಲ,
ಬೆರಳೂ ಹೋಗುವುದಿಲ್ಲ.
ಡಬ್ಬಿ ತೆರೆದೆ. ನಿಂಬೆ ಗಾತ್ರದ ಉಂಡೆ ಮಾಡಿ
ತೋಳಿನ ಮೇಲೆ ಎರಡು ಕಡೆ ಅಂಟಿಸಿದೆ.
ಚಕ್ರ ಹಾಕಿದ, ಜ್ಯಾಕ್ ಏರಿಸಿದ,
ಸ್ಟಿಯರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದ.
ಬಿಚ್ಚಿದರೆ,
ಹಿಟ್ಟು ಹಪ್ಪಳವಾಗಿತ್ತು,
ನಡುವೆ ಹರಿದು ಕಬ್ಬಿಣ ಇಣುಕುತ್ತಿತ್ತು.

ರಿಪೋರ್ಟು ಬರುವ ಮೊದಲೇ ಗೊತ್ತಿದ್ದವರ
ಮುಖ ನಾನು ದಿನಾ ನೋಡುತ್ತೇನೆ.
ಸ್ಪೇಸರ್ ಹಾಕಬಹುದು, ಎಂದ, ಮೆಲ್ಲಗೆ.
ಹಾಕಿದರೆ?
ನಟ್ಟಿಗೆ ನಾಲ್ಕು ಸುತ್ತಿನ ಹಿಡಿತ ಉಳಿಯುತ್ತದೆ.
ನಾಲ್ಕು ಸುತ್ತನ್ನು ನಂಬಿ ನಾನು ಕೂರುವುದಿಲ್ಲ, ಎಂದೆ.

ಮತ್ತೆ ಅಂಗಡಿಗೆ. ಪಾರಿವಾಳದ ಹಿಕ್ಕೆ, ಮರಳು,
ಅದರಡಿ ಹದಿನೈದು ಇಂಚಿನ ಬೂದು ಚಕ್ರಗಳು,
ಆಫ್‌ಸೆಟ್ ಇಪ್ಪತ್ತು, ಯಾವ ಸೊಗಸೂ ಇಲ್ಲ.
ಮೂರೇ ಇದ್ದವು.
ನಾಲ್ಕನೆಯದು? ಜಮಾನ್ ತಲೆ ಕೆರೆದುಕೊಂಡ.
ಗಾಳಿಗೆ ಬಡಿಯದಿರಲೆಂದು
ಅವನ ಬಾಗಿಲಿಗೆ ಒರಗಿಸಿಟ್ಟಿದ್ದ ಅದನ್ನು
ತೋರಿಸಿದವಳು ನಾನೇ.

ಈ ಸಲ ಹಿಟ್ಟು ಉಂಡೆಯಾಗಿಯೇ ಇತ್ತು,
ಒಂದು ಬದಿ ಚೂರು ಚಪ್ಪಟೆ.
ಬೆಂಕಿಕಡ್ಡಿ ಚುಚ್ಚಿ ಅಳೆದೆ: ಒಂಬತ್ತು ಮಿಲ್ಲಿ.
ಒಂದು ಚಕ್ರ ತಿರುಗುವಾಗ ಸ್ವಲ್ಪ ಓಲಾಡುತ್ತದೆ,
ಅದನ್ನು ಹಿಂದಕ್ಕೆ ಹಾಕಿದ.

ದಿಮ್ಮಿ ತೆಗೆದೆವು.
ನಾಲ್ಕು ವರ್ಷದ ಭಾರ ರಬ್ಬರಿನ ಮೇಲೆ ಕೂತಾಗ
ಬಂದದ್ದು ಬಹಳ ಸಣ್ಣ ಸದ್ದು,
ಕುರ್ಚಿಯಲ್ಲಿ ಯಾರೋ ಹೊರಳಿ ಕೂತ ಹಾಗೆ.
ಗಿಲ್ಬರ್ಟ್ ಏನೂ ಹೇಳಲಿಲ್ಲ.
ನಾನು ಉಳಿದ ಹಿಟ್ಟು ಲಟ್ಟಿಸಿದೆ,
ಗ್ರೀಸಿನ ಕೈಯಲ್ಲೇ ಐದು ಚಪಾತಿ ತಿಂದ.

ಅಷ್ಟರಲ್ಲಿ ಗಾಳಿ ಎದ್ದಿತು.
ಬೀದಿಯ ಆ ತುದಿಯಲ್ಲಿ ಜಮಾನನ ಬಾಗಿಲು
ಒಂದೇ ಸಮನೆ ಬಡಿದುಕೊಳ್ಳತೊಡಗಿತು.
ಗಿಲ್ಬರ್ಟ್ ಕೈ ಒರೆಸಿಕೊಂಡು ಎದ್ದ,
ಚಿನ್ನದ ಬಣ್ಣದ ಚಕ್ರವನ್ನು ನಿಲ್ಲಿಸಿ
ಬೀದಿಯುದ್ದಕ್ಕೂ ಉರುಳಿಸಿಕೊಂಡು ಹೊರಟ.
ಬಾಗಿಲಿಗೆ ಇಟ್ಟು ಬರ್ತೇನೆ, ಅಂದ.